ಜೀವಕೋಶದ ಗಡಿಯಾರ ಮತ್ತು ಸೈಕ್ಲಿನ್

ಬೆರಳಿಗೆ ಈಳಿಗೆ ತಗುಲಿ ಸಣ್ಣ ಗಾಯವಾದರೆ ನಾಲ್ಕೆಂಟು ದಿನಗಳಲ್ಲಿ ಅದು ಮಾಯುತ್ತದೆ. ಗಾಯದ ಅಂಚಿನಲ್ಲಿರುವ ಚರ್ಮದ ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆದು ತೆರವಾದ ಜಾಗವನ್ನು ತುಂಬುತ್ತವೆ. ಇದು ಎಲ್ಲರಿಗೂ ತಿಳಿದಿರುವ ಸಂಗತಿಯೇ. ಆದರೆ ಜಾಗ ತುಂಬಿದ ಬಳಿಕ ಆ ವಿಭಜನೆ ತಾನಾಗಿ ನಿಂತುಹೋಗುತ್ತದೆ ಎಂಬುದರ ಕಡೆಗೆ ನಮ್ಮ ಗಮನ ಹರಿಯುವುದು ಕಡಮೆ. ನಿಲ್ಲದೆ ಹೋದರೆ ಏನಾಗುತ್ತದೆ? ಅಂತಹ ಅಂಕೆಯಿಲ್ಲದ ಬೆಳವಣಿಗೆಗೇ ಕ್ಯಾನ್ಸರ್ ಎಂದು ಹೆಸರು. ವಿಭಜನೆ ನಡೆಯದೆಯೇ ಹೋದರೂ ಅಪಾಯ ತಪ್ಪಿದ್ದಲ್ಲ. ನಮ್ಮ ಕೆಂಪು ರಕ್ತಕಣದ ಆಯುಸ್ಸು ಸುಮಾರು ೧೨೦ ದಿನಗಳು ಮಾತ್ರ. ಸತ್ತವುಗಳ ಸ್ಥಾನವನ್ನು ತುಂಬಲು ಮೂಳೆಯೊಳಗಿನ ಮಜ್ಜೆಯಲ್ಲಿ ಪ್ರತಿ ಸೆಕೆಂಡಿಗೂ ಸುಮಾರು ೨೦ ಲಕ್ಷ ಹೊಸ ಕಣಗಳು ಸಿದ್ಧವಾಗುತ್ತಿರಬೇಕು. ಅಲ್ಲಿ ವಿಭಜನೆ ನಿಂತರೆ ಬಾಳು ಮುಗಿದಂತೆಯೇ.

ಹಾಗಾದರೆ ಜೀವಕೋಶಕ್ಕೆ ‘ಈಗ ಒಡೆ’, ‘ಈಗ ನಿಲ್ಲು’ ಎಂದು ಹೇಳುವವರು ಯಾರು? ಈ ಪ್ರಶ್ನೆಗೆ ವಿಜ್ಞಾನಿಗಳು ಕಂಡುಕೊಂಡ ಉತ್ತರದಲ್ಲಿ ಸೈಕ್ಲಿನ್ ಎಂಬ ಪ್ರೋಟೀನುಗಳಿಗೆ ಮುಖ್ಯ ಸ್ಥಾನವಿದೆ. ಅವುಗಳಲ್ಲಿ ಒಂದಾದ ‘ಸೈಕ್ಲಿನ್ ಬಿ’ ಎಂಬುದರ ಕಥೆಯನ್ನು ಇಲ್ಲಿ ನಾವು ಪರಿಶೀಲಿಸೋಣ. ಮನುಷ್ಯನ ದೇಹಕ್ಕೆ ಸೇರಿದ ಈ ಪ್ರೋಟೀನನ್ನು ಇಂದು ಬ್ಯಾಕ್ಟೀರಿಯಾಗಳಿಂದ ಮಾಡಿಸಿ, ಶುದ್ಧೀಕರಿಸಿ, ತೂಕ ಮಾಡಿ ಪ್ರಯೋಗಕ್ಕೆ ಬಳಸುತ್ತಾರೆ. ಹೀಗೆ ಅಳೆದು ಹಾಕಲು ಸಾಧ್ಯವಾದುದರಿಂದಲೇ ಜೀವಕೋಶದ ವಿಭಜನೆಯ ಬಗ್ಗೆ ಒಂದು ಮಹತ್ತ್ವದ ಸತ್ಯ ಹೊರಬಿದ್ದಿತು.

ನಾಲ್ಕು ಘಟ್ಟಗಳು

ಜೀವಕೋಶವು ಒಮ್ಮೆ ಹುಟ್ಟಿ ಮತ್ತೆ ತಾನೇ ಎರಡಾಗುವವರೆಗಿನ ಅವಧಿಗೆ ಕೋಶಚಕ್ರವೆಂದು ಹೆಸರು. ಇದರಲ್ಲಿ ನಾಲ್ಕು ಘಟ್ಟಗಳಿವೆ. ಮೊದಲನೆಯದರಲ್ಲಿ ಕೋಶವು ಬೆಳೆಯುತ್ತದೆ. ಎರಡನೆಯದರಲ್ಲಿ ಕೋಶಕೇಂದ್ರದೊಳಗಿನ ಡಿ.ಎನ್.ಎ. ಎಳೆಗಳ ನಕಲು ಸಿದ್ಧವಾಗುತ್ತದೆ. ಮೂರನೆಯದು ಸಿದ್ಧತೆಯ ಮತ್ತು ತಪ್ಪೊಪ್ಪು ನೋಡುವ ಕಾಲ. ನಾಲ್ಕನೆಯದೇ ನಿಜವಾದ ವಿಭಜನೆ. ಪ್ರಯೋಗಶಾಲೆಯಲ್ಲಿ ಸಾಕಿದ ಮಾನವ ಕೋಶಗಳಲ್ಲಿ ಈ ಚಕ್ರ ಒಂದು ಸುತ್ತು ಬರಲು ಸುಮಾರು ೨೪ ಗಂಟೆ ಹಿಡಿಯುತ್ತದೆ. ಅದರಲ್ಲಿ ವಿಭಜನೆಗೆ ತಗಲುವ ಕಾಲ ಸುಮಾರು ಒಂದೇ ಗಂಟೆ.

ಆ ಒಂದು ಗಂಟೆಯಲ್ಲಿ ನಡೆಯುವ ಕೆಲಸ ಸಾಮಾನ್ಯವಾದುದಲ್ಲ. ಮಾನವ ಕೋಶವೊಂದರ ಡಿ.ಎನ್.ಎ. ಎಳೆಗಳನ್ನು ತುದಿಗೆ ತುದಿ ಸೇರಿಸಿದರೆ ಸುಮಾರು ಎರಡು ಮೀಟರು ಉದ್ದವಾಗುತ್ತವೆ. ಅಷ್ಟು ಉದ್ದದ ಎಳೆಗಳೂ ಅವುಗಳ ನಕಲೂ ಸೇರಿ, ಬಿಗಿಯಾಗಿ ಸುತ್ತಿಕೊಂಡು, ೪೬ ಜೋಡಿ ಎಳೆಗಳ ಕಂತೆಗಳಾಗಬೇಕು. ಈ ಕಂತೆಗಳೇ ವರ್ಣತಂತುಗಳು. ಕೋಶಕೇಂದ್ರದ ಪೊರೆ ಕರಗಬೇಕು. ಪ್ರತಿಯೊಂದು ಜೋಡಿಯೂ ಬೇರ್ಪಟ್ಟು, ಒಂದೊಂದು ಎಳೆ ಒಂದೊಂದು ಮಗಳುಕೋಶಕ್ಕೆ ತಪ್ಪದೆ ಸೇರಬೇಕು. ಈ ಕೆಲಸವನ್ನು ಅರ್ಧದಲ್ಲಿ ಕೈಬಿಡುವಂತಿಲ್ಲ. ಕೈಬಿಟ್ಟರೆ ಒಂದು ಕೋಶಕ್ಕೆ ೪೭, ಇನ್ನೊಂದಕ್ಕೆ ೪೫ ಎಂಬಂತೆ ಹಂಚಿಕೆ ಕೆಡುತ್ತದೆ. ಇಂತಹ ಏರುಪೇರು ಅನೇಕ ಕ್ಯಾನ್ಸರ್ ಕೋಶಗಳಲ್ಲಿ ಕಂಡುಬರುವ ಲಕ್ಷಣ. ಆದುದರಿಂದ ವಿಭಜನೆಗೆ ಕಾಲಿಡುವ ನಿರ್ಧಾರ ದೃಢವಾಗಿರಬೇಕು. ಕಾಲಿಟ್ಟ ಮೇಲೆ ಹಿಂದೆಗೆಯಬಾರದು. ಯೋಚನೆ ಮಾಡಲು ಮಿದುಳಿಲ್ಲದ ಕೋಶಕ್ಕೆ ಈ ದೃಢತೆ ಎಲ್ಲಿಂದ ಬಂದಿತು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಮೂರು ದಾರಿಗಳು

ಈ ಪ್ರಶ್ನೆಯ ಉತ್ತರಕ್ಕೆ ವಿಜ್ಞಾನಿಗಳು ಮೂರು ಬೇರೆ ಬೇರೆ ದಾರಿಗಳಿಂದ ಬಂದರು.

ಮೊದಲನೆಯದು ಕೋಶಗಳನ್ನು ಬೆಸೆಯುವ ದಾರಿ. ಭಾರತದಲ್ಲಿ ಹುಟ್ಟಿ ಅಮೆರಿಕೆಗೆ ಹೋಗಿದ್ದ ಪೋತು ನರಸಿಂಹರಾವ್ ಅವರೂ ರಾಬರ್ಟ್ ಜಾನ್ಸನ್ ಅವರೂ ೧೯೭೦ರಲ್ಲಿ ಒಂದು ಸ್ವಾರಸ್ಯವಾದ ಪ್ರಯೋಗವನ್ನು ಪ್ರಕಟಿಸಿದರು. ವಿಭಜನೆಯಲ್ಲಿ ತೊಡಗಿರುವ ಮಾನವ ಕೋಶವನ್ನು ಇನ್ನೂ ಆ ಘಟ್ಟಕ್ಕೆ ಬಾರದಿರುವ ಮತ್ತೊಂದು ಕೋಶದೊಡನೆ ಅವರು ಬೆಸೆದರು. ಆಗ ಎರಡನೆಯ ಕೋಶದ ಡಿ.ಎನ್.ಎ. ಎಳೆಗಳೂ ಅಕಾಲದಲ್ಲಿ ಬಿಗಿದುಕೊಂಡು ವರ್ಣತಂತುಗಳಾದವು. ಎಂದರೆ ವಿಭಜಿಸುತ್ತಿರುವ ಕೋಶದ ರಸದಲ್ಲಿ ‘ಒಡೆ’ ಎಂದು ಆಜ್ಞೆ ಮಾಡುವ ಯಾವುದೋ ವಸ್ತುವಿದೆ ಎಂದಾಯಿತು. ೧೯೭೧ರಲ್ಲಿ ಯೋಷಿಯೊ ಮಸುಯಿ ಮತ್ತು ಕ್ಲೆಮೆಂಟ್ ಮಾರ್ಕರ್ಟ್ ಕಪ್ಪೆಯ ಮೊಟ್ಟೆಗಳಲ್ಲಿ ಇಂತಹದೇ ವಸ್ತುವಿನ ಇರವನ್ನು ತೋರಿಸಿದರು. ಪಕ್ವವಾಗುತ್ತಿರುವ ಮೊಟ್ಟೆಯ ರಸವನ್ನು ಸೂಜಿಯಿಂದ ಹೀರಿ ಅಪಕ್ವ ಮೊಟ್ಟೆಗೆ ಚುಚ್ಚಿದರೆ ಅದೂ ಪಕ್ವವಾಗುತ್ತಿತ್ತು. ಈ ವಸ್ತುವಿಗೆ ಅವರು ಪಕ್ವತಾಪ್ರೇರಕ ಎಂಬರ್ಥದ ಹೆಸರನ್ನು ಕೊಟ್ಟರು.

ಎರಡನೆಯದು ಅನುವಂಶೀಯತೆಯ ದಾರಿ. ಅಮೆರಿಕೆಯ ಲೀಲೆಂಡ್ ಹಾರ್ಟ್‌ವೆಲ್ ರೊಟ್ಟಿ ಉಬ್ಬಿಸುವ ಯೀಸ್ಟಿನಲ್ಲಿ, ಕೋಶಚಕ್ರ ನಡುವೆ ಕೆಟ್ಟು ನಿಲ್ಲುವ ತಳಿಗಳನ್ನು ಹುಡುಕಿ, ಚಕ್ರವನ್ನು ನಡೆಸುವ ಹಲವಾರು ಜೀನುಗಳನ್ನು ಗುರುತಿಸಿದರು. ಇಂಗ್ಲೆಂಡಿನ ಪಾಲ್ ನರ್ಸ್ ೧೯೭೦ರ ದಶಕದ ನಡುವೆ ಎಡಿನ್‌ಬರೋ ನಗರದಲ್ಲಿ ಬೇರೊಂದು ಜಾತಿಯ ಯೀಸ್ಟಿನ ಮೇಲೆ ಕೆಲಸ ಮಾಡಿದರು. ಪೂರ್ತಿ ಬೆಳೆಯುವ ಮೊದಲೇ ಆತುರದಿಂದ ಎರಡಾಗುವ ಗಿಡ್ಡ ತಳಿಯೊಂದು ಅವರಿಗೆ ಸಿಕ್ಕಿತು. ಅದರ ಜಾಡು ಹಿಡಿದು ಹೋದಾಗ, ವಿಭಜನೆಯ ಬಾಗಿಲು ಕಾಯುವ ಒಂದು ಮುಖ್ಯ ಜೀನು ಪತ್ತೆಯಾಯಿತು. ಆ ಜೀನಿನಿಂದ ಆಗುವ ಪ್ರೋಟೀನಿಗೆ ಇಂದು ಸಿ.ಡಿ.ಕೆ.–೧ ಎಂದು ಹೆಸರು. ಅದೊಂದು ಕಿಣ್ವ. ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ತುಣುಕನ್ನು ಅಂಟಿಸಿ ಅವುಗಳ ನಡತೆಯನ್ನು ಬದಲಿಸುವುದು ಅದರ ಕೆಲಸ.

ಮೂರನೆಯ ದಾರಿ ಕಡಲತೀರದಲ್ಲಿ ತೆರೆಯಿತು. ಅಮೆರಿಕೆಯ ವುಡ್ಸ್ ಹೋಲ್ ಎಂಬಲ್ಲಿ ಕಡಲಜೀವಿಗಳನ್ನು ಕುರಿತ ಪ್ರಸಿದ್ಧ ಪ್ರಯೋಗಶಾಲೆಯಿದೆ. ಬ್ರಿಟನ್ನಿನ ಟಿಮ್ ಹಂಟ್ ೧೯೮೨ರ ಬೇಸಗೆಯಲ್ಲಿ ಅಲ್ಲಿ ಸೀ ಅರ್ಚಿನ್ ಎಂಬ, ಮೈತುಂಬ ಮುಳ್ಳುಗಳಿರುವ ಪ್ರಾಣಿಯ ಮೊಟ್ಟೆಗಳನ್ನು ಪರೀಕ್ಷಿಸುತ್ತಿದ್ದರು. ಫಲಿತವಾದ ಮೊಟ್ಟೆಯಲ್ಲಿ ಯಾವ ಯಾವ ಹೊಸ ಪ್ರೋಟೀನುಗಳು ತಯಾರಾಗುತ್ತವೆಂದು ನೋಡಲು ವಿಕಿರಣಶೀಲ ಗಂಧಕವಿರುವ ಅಮೈನೋ ಆಮ್ಲವನ್ನು ನೀರಿಗೆ ಬೆರೆಸಿ, ಸ್ವಲ್ಪ ಸ್ವಲ್ಪ ಹೊತ್ತಿಗೆ ಮಾದರಿಗಳನ್ನು ತೆಗೆದರು. ಬಹುಮಟ್ಟಿಗೆ ಎಲ್ಲ ಪ್ರೋಟೀನುಗಳ ಮೊತ್ತವೂ ಹೊತ್ತು ಕಳೆದಂತೆ ಹೆಚ್ಚುತ್ತ ಹೋಯಿತು. ಒಂದು ಮಾತ್ರ ಹೆಚ್ಚಿ ಹೆಚ್ಚಿ, ಮೊಟ್ಟೆ ಎರಡಾಗುವ ಹೊತ್ತಿಗೆ ಥಟ್ಟನೆ ಮಾಯವಾಯಿತು. ಮುಂದಿನ ಸುತ್ತಿನಲ್ಲಿ ಮತ್ತೆ ತಲೆಯೆತ್ತಿತು, ಮತ್ತೆ ಅಳಿಯಿತು. ಚಕ್ರದಂತೆ ಬಂದುಹೋಗುವ ಈ ಪ್ರೋಟೀನೇ ಸೈಕ್ಲಿನ್. ಈ ವರದಿ ೧೯೮೩ರಲ್ಲಿ ಪ್ರಕಟವಾಯಿತು.

ದಾರಿಗಳು ಕೂಡಿದ್ದು

೧೯೮೭ರಲ್ಲಿ ನರ್ಸ್ ಅವರೂ ಮೆಲನಿ ಲೀ ಅವರೂ, ಸಿ.ಡಿ.ಕೆ. ಜೀನು ಕೆಟ್ಟು ನಿಂತಿದ್ದ ಯೀಸ್ಟಿನೊಳಕ್ಕೆ ಮಾನವ ಜೀನುಗಳನ್ನು ಸೇರಿಸಿ, ಯಾವುದಾದರೂ ಒಂದು ಆ ಯೀಸ್ಟನ್ನು ಬದುಕಿಸೀತೆ ಎಂದು ನೋಡಿದರು. ಒಂದು ಜೀನು ಬದುಕಿಸಿತು. ಯೀಸ್ಟಿನ ಸಿ.ಡಿ.ಕೆ. ಪ್ರೋಟೀನಿಗೂ ಮನುಷ್ಯನದಕ್ಕೂ ಅಮೈನೋ ಆಮ್ಲಗಳ ಸಾಲಿನಲ್ಲಿ ನೂರಕ್ಕೆ ೬೩ ಪಾಲು ಹೋಲಿಕೆ ಕಂಡಿತು. ಯೀಸ್ಟಿನ ವಂಶವೂ ನಮ್ಮ ವಂಶವೂ ಬೇರೆಯಾಗಿ ಸುಮಾರು ನೂರು ಕೋಟಿ ವರ್ಷಗಳಾಗಿದ್ದರೂ ಈ ಯಂತ್ರದ ಕೀಲು ಬದಲಾಗಿಲ್ಲವೆಂಬುದು ಸೋಜಿಗದ ಸಂಗತಿಯಲ್ಲವೆ? ಕಪ್ಪೆಯ ಮೊಟ್ಟೆಯ ರಸದಲ್ಲಿ ಬೇರೆ ಪ್ರಾಣಿಯ ಪ್ರೋಟೀನನ್ನು ಹಾಕಿ ಪರೀಕ್ಷಿಸಬಹುದೆಂಬ ಧೈರ್ಯ ಬಂದುದೂ ಇಂತಹ ಹೋಲಿಕೆಯಿಂದಲೇ.

೧೯೮೮ರಲ್ಲಿ ಕಪ್ಪೆಯ ಪಕ್ವತಾಪ್ರೇರಕವನ್ನು ಶುದ್ಧರೂಪದಲ್ಲಿ ಬೇರ್ಪಡಿಸಲಾಯಿತು. ಅದರಲ್ಲಿ ಎರಡು ಪ್ರೋಟೀನುಗಳಿದ್ದವು. ಒಂದು ಯೀಸ್ಟಿನಲ್ಲಿ ಕಂಡಿದ್ದ ಸಿ.ಡಿ.ಕೆ.; ಇನ್ನೊಂದು ಸೈಕ್ಲಿನ್ ಬಿ ಎಂದು ಎರಡು ವರ್ಷಗಳಲ್ಲಿ ಸಿದ್ಧವಾಯಿತು. ಮೂರು ದಾರಿಗಳೂ ಒಂದೇ ಬಾಗಿಲಿಗೆ ಬಂದು ಮುಟ್ಟಿದ್ದವು. ಹಾರ್ಟ್‌ವೆಲ್, ನರ್ಸ್ ಮತ್ತು ಹಂಟ್ ಈ ಮೂವರಿಗೆ ೨೦೦೧ರ ನೊಬೆಲ್ ಪಾರಿತೋಷಿಕ ದೊರೆಯಿತು.

ಇವೆರಡರ ಸಂಬಂಧವನ್ನು ಹೀಗೆ ತಿಳಿಯಬಹುದು. ಸಿ.ಡಿ.ಕೆ. ಕೋಶದಲ್ಲಿ ಸದಾ ಇರುತ್ತದೆ. ಅದರ ಮೊತ್ತ ಹೆಚ್ಚುಕಡಮೆಯಾಗುವುದಿಲ್ಲ. ಆದರೆ ಒಂಟಿಯಾಗಿ ಅದು ಕೆಲಸಕ್ಕೆ ಬಾರದು. ಸೈಕ್ಲಿನ್ ಬಂದು ಕೂಡಿಕೊಂಡಾಗ ಮಾತ್ರ ಅದಕ್ಕೆ ಚೈತನ್ಯ. ಸೈಕ್ಲಿನ್ ಅಳಿದರೆ ಅದು ಮತ್ತೆ ಜಡ.

ಬ್ಯಾಕ್ಟೀರಿಯಾ ಮಾಡಿಕೊಡುವ ಮಾನವ ಪ್ರೋಟೀನು

ಇಷ್ಟು ತಿಳಿದ ಮೇಲೂ ಒಂದು ತೊಡಕು ಉಳಿಯಿತು. ಭೌತವಿಜ್ಞಾನದ ವಿದ್ಯಾರ್ಥಿಗಳು ಓಮನ ನಿಯಮವನ್ನು ಪರೀಕ್ಷಿಸುವಾಗ ವಿದ್ಯುದ್ವಿಭವವನ್ನು ತಮ್ಮ ಕೈಯಿಂದಲೇ ಹೆಚ್ಚುಕಡಮೆ ಮಾಡಿ, ಪ್ರತಿಸಲವೂ ಪ್ರವಾಹವನ್ನು ಅಳೆಯುತ್ತಾರೆ. ವಿಭವ ತನ್ನಷ್ಟಕ್ಕೆ ಏರಿಳಿಯುತ್ತಿದ್ದರೆ, ಅದರ ಜೊತೆಗೆ ಬೇರೆ ನೂರು ಸಂಗತಿಗಳೂ ಬದಲಾಗುತ್ತಿದ್ದರೆ, ಯಾವುದರಿಂದ ಯಾವುದಾಯಿತೆಂದು ಹೇಳಲಾಗದು. ಜೀವಕೋಶದೊಳಗೆ ಇರುವ ಪರಿಸ್ಥಿತಿ ಇಂತಹದೇ. ಅಲ್ಲಿ ಸೈಕ್ಲಿನ್ ತನ್ನ ಇಚ್ಛೆಯಂತೆ ಏರಿ ಇಳಿಯುತ್ತದೆ. ಅದರ ಮೊತ್ತವೂ ಬಲು ಅಲ್ಪ. ಆದುದರಿಂದ ಸೈಕ್ಲಿನನ್ನು ಹೊರಗೆ ಬೇಕಾದಷ್ಟು ಮಾಡಿಟ್ಟುಕೊಂಡು, ಅಳೆದು ಹಾಕುವ ಉಪಾಯ ಬೇಕಾಯಿತು.

ಬೇರೆ ಬೇರೆ ಮೂಲದ ಡಿ.ಎನ್.ಎ. ತುಂಡುಗಳನ್ನು ಬೆಸೆದು ಬ್ಯಾಕ್ಟೀರಿಯಾದಲ್ಲಿ ಬೆಳೆಸುವ ವಿದ್ಯೆಯನ್ನು ಸ್ಟ್ಯಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬಾಯರ್ ೧೯೭೩ರಲ್ಲಿ ಸಾಧಿಸಿ ತೋರಿಸಿದ್ದರು. ಮಧುಮೇಹಿಗಳಿಗೆ ಬೇಕಾದ ಮಾನವ ಇನ್ಸುಲಿನ್ ಈ ವಿದ್ಯೆಯಿಂದಲೇ ತಯಾರಾಗಿ ೧೯೮೨ರಲ್ಲಿ ಔಷಧವಾಗಿ ಬಳಕೆಗೆ ಬಂದಿತು. ಇಂತಹ ಬೆಸೆದ ಜೀನಿನಿಂದ ಪಡೆದ ಪ್ರೋಟೀನಿಗೆ ಪುನಸ್ಸಂಯೋಜಿತ ಪ್ರೋಟೀನು ಎಂದು ಹೆಸರು. ಮಾನವ ಸೈಕ್ಲಿನ್ ಬಿ ಜೀನಿನ ಪ್ರತಿಯನ್ನು ೧೯೮೯ರಲ್ಲಿ ಜೊನಾಥನ್ ಪೈನ್ಸ್ ಮತ್ತು ಟೋನಿ ಹಂಟರ್ ಬೇರ್ಪಡಿಸಿದರು. ಇದರಿಂದ ಆಗುವ ಪ್ರೋಟೀನು ೪೩೩ ಅಮೈನೋ ಆಮ್ಲಗಳ ಸರಪಳಿ.

ತಯಾರಿಕೆಯ ಕ್ರಮ ಸ್ಥೂಲವಾಗಿ ಹೀಗಿದೆ. ಪ್ಲಾಸ್ಮಿಡ್ ಎಂಬ ಡಿ.ಎನ್.ಎ. ಬಳೆಯೊಂದನ್ನು ಕಿಣ್ವದಿಂದ ಕತ್ತರಿಸಿ, ಆ ಎಡೆಯಲ್ಲಿ ಸೈಕ್ಲಿನ್ ಜೀನನ್ನು ಕೂಡಿಸಿ ಬೆಸೆಯುತ್ತಾರೆ. ಈ ಬಳೆಯನ್ನು ನಮ್ಮ ಕರುಳಿನಲ್ಲಿಯೂ ವಾಸಿಸುವ ಈ. ಕೋಲೈ ಬ್ಯಾಕ್ಟೀರಿಯಾದ ನಿರಪಾಯಕರವಾದ ತಳಿಯೊಂದರೊಳಕ್ಕೆ ಸೇರಿಸುತ್ತಾರೆ. ಸತ್ತ್ವವುಳ್ಳ ಸಾರಿನಲ್ಲಿ ಬೆಚ್ಚಗಿಟ್ಟು ಅಲುಗಾಡಿಸುತ್ತಿದ್ದರೆ ಈ ಬ್ಯಾಕ್ಟೀರಿಯಾ ಸುಮಾರು ೨೦ ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಸಂಖ್ಯೆ ಸಾಕಷ್ಟು ಹೆಚ್ಚಿದ ಮೇಲೆ, ಜೀನನ್ನು ಎಚ್ಚರಿಸುವ ರಾಸಾಯನಿಕವೊಂದನ್ನು ಬೆರೆಸುತ್ತಾರೆ. ಆಗ ಬ್ಯಾಕ್ಟೀರಿಯಾ ತನಗೆ ಯಾವ ಉಪಯೋಗವೂ ಇಲ್ಲದ ಮಾನವ ಪ್ರೋಟೀನನ್ನು ತಯಾರಿಸತೊಡಗುತ್ತದೆ.

ಮುಂದಿನ ಕೆಲಸ ಬೇರ್ಪಡಿಸುವುದು. ಬ್ಯಾಕ್ಟೀರಿಯಾ ತನ್ನವೇ ಆದ ಸಾವಿರಾರು ಪ್ರೋಟೀನುಗಳನ್ನು ಹೊಂದಿರುತ್ತದೆ. ಅವುಗಳ ನಡುವೆ ನಮ್ಮದನ್ನು ಗುರುತಿಸಲು ಮೊದಲೇ ಒಂದು ಉಪಾಯ ಮಾಡಿರುತ್ತಾರೆ. ಜೀನಿನ ತುದಿಗೆ ಇನ್ನಷ್ಟು ಅಕ್ಷರಗಳನ್ನು ಸೇರಿಸಿ, ಪ್ರೋಟೀನಿನ ತುದಿಯಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಸಾಲಾಗಿ ಆರು ಸಲ ಬರುವಂತೆ ಮಾಡುತ್ತಾರೆ. ಈ ಬಾಲಕ್ಕೆ ನಿಕ್ಕಲ್ ಲೋಹದ ಅಯಾನುಗಳನ್ನು ಹಿಡಿದುಕೊಳ್ಳುವ ಗುಣವಿದೆ. ಬ್ಯಾಕ್ಟೀರಿಯಾಗಳನ್ನು ಒಡೆದು, ಅವುಗಳ ರಸವನ್ನು ನಿಕ್ಕಲ್ ಲೇಪಿಸಿದ ಸಣ್ಣ ಮಣಿಗಳ ನಳಿಗೆಯೊಳಗೆ ಹರಿಸಿದರೆ ಬಾಲವುಳ್ಳ ಪ್ರೋಟೀನು ಅಂಟಿಕೊಂಡು ಉಳಿದವು ಬಹುಪಾಲು ಹರಿದುಹೋಗುತ್ತವೆ. ಆಮೇಲೆ ಬೇರೊಂದು ದ್ರಾವಣದಿಂದ ಅದನ್ನು ಬಿಡಿಸಿಕೊಳ್ಳುತ್ತಾರೆ.

ಇದು ಯಾವಾಗಲೂ ಸುಲಭವಾಗಿ ನಡೆಯುವ ಕೆಲಸವಲ್ಲ. ಮಾನವ ಪ್ರೋಟೀನು ಬ್ಯಾಕ್ಟೀರಿಯಾದೊಳಗೆ ಸರಿಯಾಗಿ ಮಡಿಸಿಕೊಳ್ಳದೆ ಕರಗದ ಗಂಟಾಗಿ ಕೂತುಬಿಡುವುದುಂಟು. ಸಿ.ಡಿ.ಕೆ. ಪೂರ್ಣವಾಗಿ ಚುರುಕಾಗಬೇಕಾದರೆ ಅದರ ಮೇಲೆ ಒಂದು ನಿರ್ದಿಷ್ಟ ಎಡೆಯಲ್ಲಿ ಫಾಸ್ಫೇಟ್ ಕೂಡಬೇಕು. ಅದನ್ನು ಕೂಡಿಸುವ ಕಿಣ್ವ ಬ್ಯಾಕ್ಟೀರಿಯಾದಲ್ಲಿಲ್ಲ. ಅಂತಹ ಸಂದರ್ಭಗಳಲ್ಲಿ ಪತಂಗದ ಜೀವಕೋಶಗಳನ್ನು ಸಾಕಿ, ವೈರಸ್ಸಿನ ಮೂಲಕ ಅವುಗಳಿಗೆ ಜೀನನ್ನು ತಲಪಿಸಿ ಪ್ರೋಟೀನನ್ನು ಪಡೆಯುತ್ತಾರೆ.

ಪ್ರನಾಳದಲ್ಲಿ ಓಡಿದ ಗಡಿಯಾರ

ಪ್ರೋಟೀನು ಕೈಗೆ ಬಂದಿತು. ಅದನ್ನು ಯಾವುದರಲ್ಲಿ ಹಾಕಿ ಪರೀಕ್ಷಿಸಬೇಕು? ಇದಕ್ಕೆ ಝೆನೋಪಸ್ ಎಂಬ ಆಫ್ರಿಕದ ಕಪ್ಪೆ ನೆರವಾಯಿತು. ಅದರ ಮೊಟ್ಟೆ ಸುಮಾರು ಒಂದು ಮಿಲಿಮೀಟರಿಗಿಂತ ತುಸು ದೊಡ್ಡದು. ಫಲಿತವಾದ ಮೇಲೆ ಅದರ ಭ್ರೂಣ ಮೊದಲ ವಿಭಜನೆಯ ಬಳಿಕ ಸುಮಾರು ಅರ್ಧ ಗಂಟೆಗೊಮ್ಮೆ ವಿಭಜಿಸುತ್ತದೆ. ಈ ಮೊಟ್ಟೆಗಳನ್ನು ವೇಗವಾಗಿ ತಿರುಗುವ ಸೆಂಟ್ರಿಫ್ಯೂಜ್ ಯಂತ್ರದಲ್ಲಿಟ್ಟು ಒಡೆದು ನಡುವಣ ರಸವನ್ನು ಹೀರಿ ತೆಗೆದರೆ, ಆ ರಸ ಪ್ರನಾಳದಲ್ಲಿಯೂ ತನ್ನ ಗಡಿಯಾರವನ್ನು ನಡೆಸುತ್ತಲೇ ಇರುತ್ತದೆ. ಅದರಲ್ಲಿ ಕೋಶಕೇಂದ್ರಗಳನ್ನು ಬೆರೆಸಿದರೆ ಅವುಗಳ ಪೊರೆ ಕರಗುವುದನ್ನೂ ಮತ್ತೆ ಕೂಡುವುದನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಇಡೀ ಕೋಶವಿಲ್ಲದೆ ಕೋಶಚಕ್ರ ಮಾತ್ರ!

ಆಂಡ್ರೂ ಮರ್ರೆ ಮತ್ತು ಮಾರ್ಕ್ ಕರ್ಷನರ್ ೧೯೮೯ರಲ್ಲಿ ಈ ರಸದಲ್ಲಿದ್ದ ಸಂದೇಶವಾಹಕ ಆರ್.ಎನ್.ಎ.ಗಳನ್ನೆಲ್ಲ ನಾಶಮಾಡಿದರು. ಆಗ ಹೊಸ ಪ್ರೋಟೀನುಗಳು ತಯಾರಾಗುವುದು ನಿಂತು ಗಡಿಯಾರವೂ ನಿಂತಿತು. ಬಳಿಕ ಸೈಕ್ಲಿನ್ ಒಂದಕ್ಕೆ ಮಾತ್ರ ಸಂಬಂಧಿಸಿದ ಆರ್.ಎನ್.ಎ.ಯನ್ನು ಹಾಕಿದರು. ಗಡಿಯಾರ ಮತ್ತೆ ಓಡಿತು. ಆ ರಸದಲ್ಲಿ ಚಕ್ರ ತಿರುಗಲು ಹೊಸದಾಗಿ ಹುಟ್ಟಬೇಕಾದ ಪ್ರೋಟೀನು ಸೈಕ್ಲಿನ್ ಒಂದೇ ಎಂದು ಇದರಿಂದ ಸ್ಪಷ್ಟವಾಯಿತು.

ಅದೇ ವರ್ಷ ಅವರೂ ಮಾರ್ಕ್ ಸಾಲೊಮನ್ ಅವರೂ ಇನ್ನೊಂದು ಪರೀಕ್ಷೆ ನಡೆಸಿದರು. ಸೈಕ್ಲಿನ್ ಸರಪಳಿಯ ಮೊದಲ ೯೦ ಅಮೈನೋ ಆಮ್ಲಗಳನ್ನು ಕತ್ತರಿಸಿಹಾಕಿದರು. ಈ ಮೊಟಕು ಸೈಕ್ಲಿನ್ ಸಿ.ಡಿ.ಕೆ.ಯನ್ನು ಎಂದಿನಂತೆ ಚುರುಕುಗೊಳಿಸಿತು. ಆದರೆ ತಾನು ಅಳಿಯಲಿಲ್ಲ. ರಸವು ವಿಭಜನೆಯ ಘಟ್ಟಕ್ಕೆ ಹೋಗಿ ಅಲ್ಲಿಯೇ ಸಿಕ್ಕಿಬಿದ್ದಿತು. ವಿಭಜನೆಗೆ ಹೋಗಲು ಸೈಕ್ಲಿನ್ ಹುಟ್ಟಬೇಕು, ಅಲ್ಲಿಂದ ಹೊರಬರಲು ಅದು ಸಾಯಬೇಕು ಎಂಬುದು ಹೀಗೆ ಸಿದ್ಧವಾಯಿತು. ಕತ್ತರಿಸಿದ ಭಾಗದಲ್ಲಿ ನಾಶದ ಗುರುತು ಇದೆಯೆಂದೂ, ಅದನ್ನು ಕಂಡು ಕೋಶವು ಯುಬಿಕ್ವಿಟಿನ್ ಎಂಬ ಸಣ್ಣ ಪ್ರೋಟೀನನ್ನು ಸೈಕ್ಲಿನಿಗೆ ಅಂಟಿಸಿ ಅದನ್ನು ಒಡೆಯಲು ಕಳುಹಿಸುತ್ತದೆಂದೂ ೧೯೯೧ರಲ್ಲಿ ಗೊತ್ತಾಯಿತು.

ಬ್ಯಾಕ್ಟೀರಿಯಾದಲ್ಲಿ ತಯಾರಿಸಿ ಶುದ್ಧೀಕರಿಸಿದ ಸೈಕ್ಲಿನನ್ನು ಸಾಲೊಮನ್ ಮತ್ತು ಸಂಗಡಿಗರು ೧೯೯೦ರಲ್ಲಿ ಕಪ್ಪೆಯ ರಸಕ್ಕೆ ಅಳೆದು ಹಾಕಿದರು. ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿದಂತೆ ಸಿ.ಡಿ.ಕೆ.ಯೂ ಸ್ವಲ್ಪ ಸ್ವಲ್ಪವಾಗಿ ಚುರುಕಾಗಬಹುದೆಂದು ನಾವು ಎಣಿಸುತ್ತೇವೆ. ಹಾಗಾಗಲಿಲ್ಲ. ಒಂದು ಮಟ್ಟದವರೆಗೆ ಏನೂ ನಡೆಯಲಿಲ್ಲ. ಆ ಹೊಸ್ತಿಲನ್ನು ದಾಟಿದಾಗ, ತುಸು ಹೊತ್ತು ತಡೆದು, ಸಿ.ಡಿ.ಕೆ. ಪೂರ್ತಿಯಾಗಿ ಎಚ್ಚೆತ್ತಿತು.

ಕಬ್ಬಿಣದ ಗುಣ ಜೀವಕೋಶದಲ್ಲಿ

ಈ ಹೊಸ್ತಿಲಿಗೆ ಕಾರಣವೇನು? ಸಿ.ಡಿ.ಕೆ.ಯನ್ನು ತಡೆಹಿಡಿಯುವ ಒಂದು ಕಿಣ್ವವೂ ಆ ತಡೆಯನ್ನು ತೆಗೆಯುವ ಇನ್ನೊಂದು ಕಿಣ್ವವೂ ಕೋಶದಲ್ಲಿವೆ. ಸಿ.ಡಿ.ಕೆ. ಸ್ವಲ್ಪ ಎಚ್ಚೆತ್ತರೆ ಅದು ತಡೆಯುವ ಕಿಣ್ವವನ್ನು ಅಡಗಿಸುತ್ತದೆ, ತಡೆ ತೆಗೆಯುವ ಕಿಣ್ವವನ್ನು ಹುರಿದುಂಬಿಸುತ್ತದೆ. ಅದರಿಂದ ಸಿ.ಡಿ.ಕೆ. ಇನ್ನಷ್ಟು ಎಚ್ಚರಗೊಳ್ಳುತ್ತದೆ. ಧ್ವನಿವರ್ಧಕದ ಮುಂದೆ ಮೈಕನ್ನು ಹಿಡಿದರೆ ಸಣ್ಣ ಸದ್ದು ಕ್ಷಣದಲ್ಲಿ ಕಿರುಚಾಗುವುದನ್ನು ನಾವು ಸಭೆಗಳಲ್ಲಿ ಕೇಳಿದ್ದೇವೆ. ಇದೂ ಅದೇ ಬಗೆಯದು.

ಇಂತಹ ವ್ಯವಸ್ಥೆಯ ಸಮೀಕರಣಗಳನ್ನು ಬೇಲಾ ನೋವಾಕ್ ಮತ್ತು ಜಾನ್ ಟೈಸನ್ ೧೯೯೩ರಲ್ಲಿ ಬರೆದು ಬಿಡಿಸಿದರು. ಅವುಗಳಿಂದ ಹೊರಟ ಫಲಿತಾಂಶ ಭೌತವಿಜ್ಞಾನ ಬಲ್ಲವರಿಗೆ ಹಳೆಯ ಪರಿಚಯದ್ದು: ಹಿಸ್ಟೆರಿಸಿಸ್, ಎಂದರೆ ಹಿಂದುಳಿಯುವಿಕೆ. ಉಕ್ಕಿನ ಸಲಾಕೆಯನ್ನು ತಂತಿಯ ಸುರುಳಿಯೊಳಗಿಟ್ಟು ವಿದ್ಯುತ್ತನ್ನು ಹೆಚ್ಚಿಸುತ್ತ ಹೋದರೆ ಅದು ಅಯಸ್ಕಾಂತವಾಗುತ್ತದೆ. ವಿದ್ಯುತ್ತನ್ನು ಸೊನ್ನೆಗೆ ಇಳಿಸಿದರೂ ಕಾಂತತ್ವ ಪೂರ್ತಿ ಹೋಗುವುದಿಲ್ಲ. ಹೋದ ದಾರಿಯಲ್ಲಿಯೇ ಅದು ಹಿಂತಿರುಗುವುದಿಲ್ಲ. ತಾನು ಹಿಂದೆ ಇದ್ದ ಸ್ಥಿತಿಯ ನೆನಪನ್ನು ಉಳಿಸಿಕೊಳ್ಳುತ್ತದೆ. ಸಮೀಕರಣಗಳ ಪ್ರಕಾರ ಜೀವಕೋಶವೂ ಹೀಗೆಯೇ ನಡೆಯಬೇಕು. ವಿಭಜನೆಯೊಳಕ್ಕೆ ಹೋಗಲು ಬೇಕಾಗುವ ಸೈಕ್ಲಿನ್ ಹೆಚ್ಚಾಗಿಯೂ, ಹೋದ ಮೇಲೆ ಅಲ್ಲಿ ನೆಲೆಸಲು ಸಾಕಾಗುವ ಸೈಕ್ಲಿನ್ ಕಡಮೆಯಾಗಿಯೂ ಇರಬೇಕು.

ಇದನ್ನು ಪರೀಕ್ಷಿಸಲು, ಅಳಿಯದ ಮೊಟಕು ಸೈಕ್ಲಿನ್ ಬಿ ಅತ್ಯಾವಶ್ಯಕವಾಯಿತು. ಅಳಿಯುವ ಸೈಕ್ಲಿನನ್ನು ಎಷ್ಟು ಹಾಕಿದೆವೆಂದು ಹೇಳಬಹುದೇ ಹೊರತು ಎಷ್ಟು ಉಳಿದಿದೆಯೆಂದು ಹೇಳಲಾಗದು. ೨೦೦೩ರಲ್ಲಿ ಅಮೆರಿಕೆಯ ವರ್ಜೀನಿಯಾದಲ್ಲಿ ವೇ ಷಾ, ಟೈಸನ್, ಜಿಲ್ ಸಿಬಲ್ ಮತ್ತು ಸಂಗಡಿಗರು ಈ ಪ್ರಯೋಗವನ್ನು ಪ್ರಕಟಿಸಿದರು. ವಿಶ್ರಾಂತಿಯಲ್ಲಿದ್ದ ರಸವನ್ನು ವಿಭಜನೆಗೆ ತರಲು ೩೨ ಮತ್ತು ೪೦ ನ್ಯಾನೋಮೋಲಾರ್‌ಗಳ ನಡುವಣ ಸಾಂದ್ರತೆ ಬೇಕಾಯಿತು. ಆಗಲೇ ವಿಭಜನೆಯಲ್ಲಿದ್ದ ರಸವನ್ನು ಅಲ್ಲಿಯೇ ಹಿಡಿದಿಡಲು ೧೬ ಮತ್ತು ೨೪ರ ನಡುವಣ ಸಾಂದ್ರತೆ ಸಾಕಾಯಿತು. ನಲವತ್ತು ನ್ಯಾನೋಮೋಲಾರ್ ಎಂದರೆ ಒಂದು ಲೀಟರಿನಲ್ಲಿ ಸುಮಾರು ಎರಡು ಮಿಲಿಗ್ರಾಮಿನಷ್ಟು ಪ್ರೋಟೀನು. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಜೋಸೆಫ್ ಪೊಮೆರೆನಿಂಗ್, ಎಡ್ವಾರ್ಡೊ ಸಾಂಟಾಗ್ ಮತ್ತು ಜೇಮ್ಸ್ ಫೆರೆಲ್ ಅವರೂ ಸ್ವತಂತ್ರವಾಗಿ ಇದೇ ನಿರ್ಣಯಕ್ಕೆ ಬಂದರು.

ಈ ಎರಡು ಹೊಸ್ತಿಲುಗಳ ಅಂತರವೇ ಕೋಶದ ದೃಢತೆಯ ಗುಟ್ಟು. ಮನೆಯ ಮೇಲಿನ ನೀರಿನ ತೊಟ್ಟಿಗೆ ತಾನಾಗಿ ನಡೆಯುವ ಪಂಪನ್ನು ಜೋಡಿಸಿರುವುದನ್ನು ಅನೇಕರು ನೋಡಿರಬಹುದು. ನೀರು ತಳಕ್ಕೆ ಇಳಿದಾಗ ಪಂಪು ಹೊರಡುತ್ತದೆ, ತೊಟ್ಟಿ ತುಂಬಿದಾಗ ನಿಲ್ಲುತ್ತದೆ. ಹೊರಡುವ ಮಟ್ಟವೂ ನಿಲ್ಲುವ ಮಟ್ಟವೂ ಒಂದೇ ಆಗಿದ್ದರೆ ನೀರಿನ ಸಣ್ಣ ಅಲೆಗೂ ಪಂಪು ಹೊರಟು ನಿಂತು, ಹೊರಟು ನಿಂತು ಕೆಟ್ಟುಹೋಗುತ್ತಿತ್ತು. ಜೀವಕೋಶದಲ್ಲಿ ಹಾಗಾದರೆ ಕೆಡುವುದು ಪಂಪಲ್ಲ, ಅರ್ಧ ಸುತ್ತಿದ ವರ್ಣತಂತುಗಳು. ಹೊಸ್ತಿಲು ಎರಡಾಗಿರುವುದರಿಂದ, ಒಮ್ಮೆ ಒಳಹೊಕ್ಕ ಕೋಶವು ಸೈಕ್ಲಿನ್ ಸ್ವಲ್ಪ ಕುಗ್ಗಿದರೂ ಹಿಂದೆಗೆಯುವುದಿಲ್ಲ. ಎಲ್ಲ ವರ್ಣತಂತುಗಳೂ ಸಾಲಾಗಿ ನಿಂತುದು ಖಚಿತವಾದ ಮೇಲೆ ಸೈಕ್ಲಿನಿನ ನಾಶ ಭರದಿಂದ ನಡೆದು, ಕೆಳಗಿನ ಹೊಸ್ತಿಲನ್ನೂ ದಾಟಿ, ಕೋಶ ಹೊರಬರುತ್ತದೆ. ಇನ್ನೊಂದು ಅಂಶವೂ ಈ ಪ್ರಯೋಗದಲ್ಲಿ ಕಂಡಿತು. ರಸದಲ್ಲಿ ನಕಲು ಮುಗಿಯದ ಡಿ.ಎನ್.ಎ. ಇದ್ದರೆ ಮೇಲಿನ ಹೊಸ್ತಿಲು ಇನ್ನೂ ಮೇಲಕ್ಕೆ ಏರುತ್ತಿತ್ತು. ಸಿದ್ಧತೆ ಮುಗಿಯದ ಕೋಶಕ್ಕೆ ಬಾಗಿಲು ಸುಲಭವಾಗಿ ತೆರೆಯದಂತಿರುವ ಏರ್ಪಾಡು ಇದು.

ರೋಗ ಮತ್ತು ಮದ್ದು

ಪ್ರನಾಳದಲ್ಲಿ ಕಂಡ ಈ ಸಂಗತಿಗಳು ಆಸ್ಪತ್ರೆಯವರೆಗೂ ಬರುತ್ತವೆ. ಹೂದೋಟಗಳಲ್ಲಿ ಬೆಳೆಯುವ ನಿತ್ಯಪುಷ್ಪದ ಗಿಡದಿಂದ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧ ದೊರೆಯುತ್ತದೆ. ವರ್ಣತಂತುಗಳನ್ನು ಎಳೆದು ಬೇರ್ಪಡಿಸುವ ಎಳೆಗಳನ್ನು ಇದು ಕೆಡಿಸುತ್ತದೆ. ಆಗ ಸೈಕ್ಲಿನ್ ಬಿ ಅಳಿಯಲು ಅಪ್ಪಣೆ ಸಿಗದೆ ಕೋಶ ವಿಭಜನೆಯಲ್ಲಿಯೇ ಸಿಕ್ಕಿಬೀಳುತ್ತದೆ. ಬಹಳ ಹೊತ್ತು ಹಾಗೆ ಸಿಕ್ಕಿಬಿದ್ದ ಕ್ಯಾನ್ಸರ್ ಕೋಶ ಸಾಯುವ ಸಂಭವವುಂಟು. ಆದರೆ ಕೆಲವು ಕೋಶಗಳು ಸಾಯದೆ ಜಾರಿಕೊಳ್ಳುತ್ತವೆ. ಇದೇಕೆಂದು ೨೦೦೬ರಲ್ಲಿ ಡೇನಿಯೆಲಾ ಬ್ರಿಟೊ ಮತ್ತು ಕಾನ್ಲಿ ರೀಡರ್ ತೋರಿಸಿದರು. ತಡೆಯಿದ್ದರೂ ಸೈಕ್ಲಿನ್ ಬಿ ನಿಧಾನವಾಗಿ ಸವೆಯುತ್ತಲೇ ಇರುತ್ತದೆ. ಅದು ವಿಭಜನೆಯನ್ನು ಹಿಡಿದಿಡಲಾರದಷ್ಟು ಕುಗ್ಗಿದಾಗ ಕೋಶವು ವರ್ಣತಂತುಗಳನ್ನು ಹಂಚದೆಯೇ ಹೊರಬಂದುಬಿಡುತ್ತದೆ. ಕೆಳಗಿನ ಹೊಸ್ತಿಲೆಂಬುದು ಬರಿಯ ಸಮೀಕರಣದ ಮಾತಲ್ಲವೆಂದು ಇದರಿಂದ ತಿಳಿಯುತ್ತದೆ.

ಸಿ.ಡಿ.ಕೆ.ಗಳನ್ನೇ ತಡೆಯುವ ಔಷಧಗಳ ಹುಡುಕಾಟವೂ ನಡೆಯಿತು. ನಮ್ಮ ಪಶ್ಚಿಮಘಟ್ಟಗಳ ಕಾಡುಗಳಲ್ಲಿ ಡೈಸಾಕ್ಸೈಲಂ ಬೈನೆಕ್ಟಾರಿಫೆರಂ ಎಂಬ ಮರವಿದೆ. ಇದರ ತೊಗಟೆಯಲ್ಲಿರುವ ರೋಹಿಟುಕಿನ್ ಎಂಬ ವಸ್ತುವನ್ನು ೧೯೮೦ರ ದಶಕದಲ್ಲಿ ಮುಂಬಯಿಯ ಹೆಕ್ಸ್ಟ್ ಸಂಶೋಧನಾಲಯದವರು ಪರೀಕ್ಷಿಸಿದರು. ಅದರ ಮಾದರಿಯಲ್ಲಿ ರೂಪಿಸಿದ ಫ್ಲೇವೊಪಿರಿಡಾಲ್, ಮನುಷ್ಯರ ಮೇಲೆ ಪರೀಕ್ಷೆಗೆ ಬಂದ ಮೊದಲ ಸಿ.ಡಿ.ಕೆ. ತಡೆಗಾರ. ಅದು ಹಲವು ಬಗೆಯ ಸಿ.ಡಿ.ಕೆ.ಗಳನ್ನು ಒಟ್ಟಿಗೆ ತಡೆಯುತ್ತಿದ್ದುದರಿಂದ ಬಳಕೆಯಲ್ಲಿ ತೊಂದರೆಗಳಿದ್ದವು. ಒಳ್ಳೆಯ ಕೋಶಗಳಿಗೂ ವಿಭಜನೆ ಬೇಕಷ್ಟೆ! ಸೈಕ್ಲಿನ್ ಬಿ ಇಲ್ಲದಂತೆ ಮಾಡಿದ ಇಲಿಮರಿಗಳು ತಾಯ ಗರ್ಭದಲ್ಲಿಯೇ ಸತ್ತುದನ್ನು ೧೯೯೮ರಲ್ಲಿ ಕಂಡಿದ್ದರು. ಆದುದರಿಂದ ಯಾವ ಜೋಡಿಯನ್ನು ತಡೆಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಆಯ್ದು ನೋಡಬೇಕಾಯಿತು. ಇಲ್ಲಿಯೂ ಪುನಸ್ಸಂಯೋಜಿತ ಪ್ರೋಟೀನುಗಳೇ ಬೇಕು. ಬೇರೆ ಬೇರೆ ಸೈಕ್ಲಿನ್–ಸಿ.ಡಿ.ಕೆ. ಜೋಡಿಗಳನ್ನು ಸಣ್ಣ ಸಣ್ಣ ಗುಳಿಗಳಲ್ಲಿ ತುಂಬಿ, ಒಂದೊಂದು ರಾಸಾಯನಿಕವೂ ಯಾವ ಜೋಡಿಯನ್ನು ಎಷ್ಟು ತಡೆಯುತ್ತದೆಂದು ಅಳೆಯುತ್ತಾರೆ. ಕೋಶಚಕ್ರದ ಮೊದಲ ಘಟ್ಟಕ್ಕೆ ಸೇರಿದ ಸೈಕ್ಲಿನ್ ಡಿ ಎಂಬುದರ ಜೊತೆಗಾರರನ್ನು ಮಾತ್ರ ಆಯ್ದು ತಡೆಯುವ ಪಾಲ್ಬೊಸಿಕ್ಲಿಬ್ ಎಂಬ ಔಷಧಕ್ಕೆ ೨೦೧೫ರಲ್ಲಿ ಅಮೆರಿಕೆಯಲ್ಲಿ ಅನುಮತಿ ದೊರೆಯಿತು. ಸ್ತನದ ಕ್ಯಾನ್ಸರಿನ ಒಂದು ಬಗೆಗೆ ಅದನ್ನು ಕೊಡುತ್ತಾರೆ.

ಪ್ರನಾಳದ ರಸವೇ ಜೀವಕೋಶವೆಂದು ಯಾರೂ ಭಾವಿಸಬಾರದು. ಜೀವಂತ ಕೋಶದಲ್ಲಿ ಸೈಕ್ಲಿನ್ ಬಿ ಮೊದಲು ಕೋಶಕೇಂದ್ರದ ಹೊರಗಿದ್ದು, ವಿಭಜನೆ ಹತ್ತಿರವಾದಾಗ ಒಳಕ್ಕೆ ನುಗ್ಗುತ್ತದೆ. ಅದರ ಪ್ರಮಾಣದಷ್ಟೇ ಅದು ಎಲ್ಲಿರುತ್ತದೆ ಎಂಬುದೂ ಮುಖ್ಯ. ಆದರೂ ಎಷ್ಟು ಸೈಕ್ಲಿನಿಗೆ ಏನಾಗುತ್ತದೆ ಎಂಬ ಪ್ರಶ್ನೆಗೆ ಅಂಕಿಗಳಲ್ಲಿ ಉತ್ತರ ದೊರೆತುದು, ಅದನ್ನು ಶುದ್ಧವಾಗಿ ಮಾಡಿ ಅಳೆದು ಹಾಕಲು ಬಂದ ಮೇಲೆಯೇ. ಜೀವವಿಜ್ಞಾನದ ಪಾಠದಲ್ಲಿ ಕೋಶವಿಭಜನೆಯ ಚಿತ್ರವನ್ನು ಬರೆಯುವ ವಿದ್ಯಾರ್ಥಿಗಳೂ, ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಉಕ್ಕಿನ ಹಿಸ್ಟೆರಿಸಿಸ್ ರೇಖೆಯನ್ನು ಎಳೆಯುವ ವಿದ್ಯಾರ್ಥಿಗಳೂ ಒಬ್ಬರ ಪುಸ್ತಕವನ್ನು ಇನ್ನೊಬ್ಬರು ತೆರೆದು ನೋಡಿದರೆ ಲಾಭವುಂಟು. ಆ ಎರಡು ಚಿತ್ರಗಳನ್ನು ಕೂಡಿಸಿ ನೋಡಿದವರಿಂದಲೇ ಈ ವಿಷಯ ಇಷ್ಟುಮಟ್ಟಿಗೆ ಮುಂದುವರಿದಿದೆ.